ಮಟ್ಟಸವಾಗಿ ನಿಂತ ಮನೆಗಾಡಿ

ಮೆಣಸು ಎಂದೇ ಮನೆಯವರು ಕರೆಯುವ ಹುಡುಗಿ ಲೋಟದ ಅಂಚಿನವರೆಗೂ ನೀರು ತುಂಬಿ ಮೇಜಿನ ಮೇಲಿಟ್ಟಳು. ನೀರು ಸುತ್ತಲೂ ಉಬ್ಬಿ ನಿಂತಿತೇ ಹೊರತು ಯಾವ ಕಡೆಗೂ ಚೆಲ್ಲಲಿಲ್ಲ.

“ಕುಡಿಯೋಕೆ ಕೇಳಿದ್ಯಾ, ನೋಡೋಕೆ ಕೇಳಿದ್ಯಾ?” ಎಂದ ಭಾವ.

“ಎರಡಕ್ಕೂ” ಎಂದು ಅವಳು ಒಂದೇ ಉಸಿರಿಗೆ ಲೋಟ ಖಾಲಿ ಮಾಡಿದಳು.

ಅಕ್ಕನ ಫೋನು ಸತ್ತು, ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಈ ಮನೆಗಾಡಿ ಹಳ್ಳಿದಾರಿಗಳಲ್ಲಿ ಕಣ್ಮರೆಯಾದ ಮೇಲೆ, ಕೆರೆಯ ಪಕ್ಕದ ಈ ತಂಗುದಾಣದಲ್ಲಿ ಅವಳು ಅದನ್ನು ಹಿಡಿದದ್ದು ಇವತ್ತೇ. ಒಳಗೆ ಭಾವನಿದ್ದ. ಅಕ್ಕ ಇರಲಿಲ್ಲ.

ಹೊರಗೆ ಬೆಳಗಿನ ಮಂಜು ಕರಗಿ ಬಿಸಿಲು ಬಂದಿತ್ತು. ಬಂದ ಬಿಸಿಲು ಕೂರುವ ಮೊದಲೇ ತುಂತುರು ಶುರುವಾಗಿತ್ತು.

“ಇನ್ನೊಂದ್ಸಲ ಹೇಳು ಭಾವ. ಅಕ್ಕ ಎಲ್ಲಿ ಇಳಿದ್ಲು?”

“ಎಷ್ಟು ಸಲ ಹೇಳ್ಲಿ? ಆಚೆ ದಡದ ಪೇಟೆ ಇದ್ಯಲ್ಲ, ಅಲ್ಲಿ ಬಸ್ ನಿಲ್ದಾಣದ ಹತ್ತಿರ. ಜಗಳ ಆಯ್ತು. ಚೀಲ ತಗೊಂಡ್ಲು, ಬಾಗಿಲು ದಬಾರಂತ ಹಾಕಿದ್ಲು, ಹೋದ್ಲು. ಆವತ್ತಿಂದ ನಾನೊಬ್ಬನೇ ಪಿಶಾಚಿ ಥರ ತಿರುಗ್ತಿದ್ದೀನಿ.”

“ಯಾವ ವಿಷಯಕ್ಕೆ ಜಗಳ?”

“ಗಂಡ ಹೆಂಡತಿ ಜಗಳಕ್ಕೆ ವಿಷಯ ಬೇಕಾ? ಮದುವೆ ಮಾಡ್ಕೊ, ಗೊತ್ತಾಗತ್ತೆ.”

ಹೇಳುತ್ತ ಭಾವ ಒಲೆಯನ್ನು ಒರೆಸಿದ. ಒಲೆ ಆಗಲೇ ಫಳಫಳ ಹೊಳೆಯುತ್ತಿತ್ತು. ಸುಳ್ಳು ಹೇಳುವಾಗ ಅವನ ಕೈಗೆ ಕೆಲಸ ಬೇಕು. ಇದು ಅವಳಿಗೆ ಅವನು ಅಕ್ಕನನ್ನು ನೋಡಲು ಬಂದ ದಿನದಿಂದ ಗೊತ್ತು. ಆವತ್ತು ‘ನಾನು ಸಿಗರೇಟು ಸೇದಲ್ಲ’ ಎನ್ನುತ್ತ ಅಕ್ಕತಂಗಿಯರ ಕೋಣೆಯ ಬಾಗಿಲಿನ ಸಡಿಲ ತಿರುಪುಗಳನ್ನೆಲ್ಲ ಬಿಗಿ ಮಾಡಿಕೊಟ್ಟಿದ್ದ.

ಅವಳು ಸುತ್ತ ಕಣ್ಣಾಡಿಸಿದಳು. ಕಿಟಕಿಗಳಿಗೆ ಅಕ್ಕ ಹೊಲಿದ ಪರದೆ. ಸೀಟುಗಳಿಗೆ ಅಕ್ಕ ಹಾಕಿದ ಹೊದಿಕೆ. ಮೂವರೂ ಒಂದೇ ಕಂಪನಿಯ ಅನ್ನ ತಿನ್ನುವವರು: ಬಾಡಿಗೆ ಮನೆಗಾಡಿಗಳ ಒಳಗಿನ ಹೊಲಿಗೆ ಅಕ್ಕನದು, ಗಾಡಿಗಳನ್ನು ಊರಿಂದೂರಿಗೆ ಮುಟ್ಟಿಸುವುದು ಭಾವನದು, ಬಾಡಿಗೆಗೆ ಹೋಗಿ ಮರಳದ ಗಾಡಿಗಳನ್ನು ಹುಡುಕಿ ತರುವುದು ಮೆಣಸಿನದು. ‘ನಿನ್ನ ಅಕ್ಕ ಭಾವ ನನ್ನ ಗಾಡೀನೇ ಎತ್ಕೊಂಡು ಹೋಗಿದ್ದಾರಲ್ಲಮ್ಮ’ ಎಂದು ಯಜಮಾನರು ಕರೆಸಿ ಹೇಳಿದಾಗ ಅವಳಿಗೆ ತಲೆ ಎತ್ತಲಾಗಿರಲಿಲ್ಲ. ‘ಪೊಲೀಸು ಗಿಲೀಸು ಬೇಡ, ಮನೆ ಜನ. ನೀನೇ ಹುಡುಕು’ ಎಂದು ತಮ್ಮ ಸ್ವಂತ ಜೀಪನ್ನು ಕೊಟ್ಟು ಕಳಿಸಿದ್ದರು.

ಪರದೆಯ ಅಂಚನ್ನು ಅವಳು ಬೆರಳಲ್ಲಿ ಹಿಡಿದಳು. ಸಣ್ಣ, ಒತ್ತೊತ್ತಾದ ಹೊಲಿಗೆ. ಅವ್ವ ಹೋದ ಮೇಲೆ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅಕ್ಕ ಅವಳನ್ನು ಬೆಳೆಸಿದ್ದು ಇದೇ ಹೊಲಿಗೆಯಿಂದ. ಯಂತ್ರದ ಸದ್ದಿಲ್ಲದೆ ನಿದ್ದೆ ಬರದು ಎನ್ನುವಷ್ಟು ಅಭ್ಯಾಸವಾಗಿಬಿಟ್ಟಿತ್ತು. ಈಗಲೂ ಬಾಡಿಗೆ ಕೋಣೆಯಲ್ಲಿ ಅವಳು ರಾತ್ರಿ ಫ್ಯಾನು ಹಾಕಿಕೊಳ್ಳುವುದು ಗಾಳಿಗಲ್ಲ, ಸದ್ದಿಗೆ.

‘ಮುಂದಿನ ಸಲ ನೀನು, ನಾನು, ಇಬ್ಬರೇ. ಗಂಡಸರ ಕಾಟ ಇಲ್ಲದೆ’ ಎಂದು ಅಕ್ಕ ಪ್ರತಿ ಪ್ರವಾಸಕ್ಕೂ ಮುಂಚೆ ಹೇಳುತ್ತಿದ್ದಳು. ಆ ಮುಂದಿನ ಸಲ ಯಾವತ್ತೂ ಬರಲಿಲ್ಲ. ಮೆಣಸು ಹುಡುಕಿದ ಮನೆಗಾಡಿಗಳನ್ನು ಒಬ್ಬಳೇ ಓಡಿಸಿಕೊಂಡು ಬರುವಾಗ ಪಕ್ಕದ ಖಾಲಿ ಸೀಟಿನ ಬೆಲ್ಟನ್ನೂ ಹಾಕಿಡುತ್ತಿದ್ದಳು. ಇಲ್ಲವಾದರೆ ಅದು ಅಲ್ಲಾಡಿ ಕಟಕಟ ಎನ್ನುತ್ತದೆ ಎಂಬುದು ಅವಳು ತನಗೆ ತಾನೇ ಕೊಟ್ಟುಕೊಂಡಿದ್ದ ಕಾರಣ.

“ನಾನು ಸ್ವಲ್ಪ ಹೊರಗೆ ನೋಡ್ಕೊಂಡು ಬರ್ತೀನಿ.”

“ಏನಿದೆ ನೋಡೋಕೆ? ಚಕ್ರ ನಾಲ್ಕೇ ಇದೆ.”

“ಐದನೇದು ಇದ್ಯಾ ಅಂತ ನೋಡ್ತೀನಿ.”

ತಾಣದ ನೆಲ ಓರೆ. ಬೆಟ್ಟದ ಮಗ್ಗುಲಿಂದ ಕೆರೆಯ ಕಡೆಗೆ ಜಾರುವ ಹುಲ್ಲುಗಾವಲು ಅದು. ಸುಮ್ಮನೆ ನಿಲ್ಲಿಸಿದರೆ ಗಾಡಿ ವಾಲುತ್ತದೆ, ಮಲಗಿದವರ ರಕ್ತ ತಲೆಗೆ ಇಳಿಯುತ್ತದೆ, ಪಾತ್ರೆಯ ಹಾಲು ಒಂದೇ ಕಡೆ ಉಕ್ಕುತ್ತದೆ. ಅದಕ್ಕೇ ತಗ್ಗಿನ ಕಡೆಯ ಚಕ್ರಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಹಳದಿ ಬೆಣೆಗಳನ್ನಿಟ್ಟು, ಗಾಡಿಯನ್ನು ಅವುಗಳ ಮೇಲೆ ಹತ್ತಿಸಿ, ಸರಿಯಾದ ಮೆಟ್ಟಿಲಲ್ಲಿ ನಿಲ್ಲಿಸಬೇಕು.

ಇದು ಇಬ್ಬರ ಕೆಲಸ. ಓಡಿಸುವವನಿಗೆ ಬೆಣೆ ಕಾಣುವುದಿಲ್ಲ. ಹೊರಗೊಬ್ಬರು ನಿಂತು ಗಾಡಿಯ ಮೈಗೆ ಅಂಗೈ ಬಡಿಯುತ್ತಾರೆ. ಒಂದು ಬಡಿತಕ್ಕೆ ಬಾ. ಎರಡು ಬಡಿತಕ್ಕೆ ನಿಲ್ಲು. ಅಕ್ಕನಿಗೆ ಓರೆಯಾಗಿ ನಿಂತ ಗಾಡಿಯಲ್ಲಿ ಒಂದು ಗಳಿಗೆಯೂ ಆಗದು. ‘ಓರೆ ಮನೇಲಿದ್ರೆ ಬುದ್ಧೀನೂ ಓರೆ ಆಗತ್ತೆ’ ಎಂದು ಭಾವನಿಗೆ ಗದರುತ್ತಿದ್ದಳು.

ಗಾಡಿ ಬೆಣೆಯ ನಡುಮೆಟ್ಟಿಲ ಮೇಲೆ ಚೊಕ್ಕಟವಾಗಿ ಕೂತಿತ್ತು. ಮೆಣಸು ಮೊಣಕಾಲೂರಿ ಹಿಂದಿನ ಜಾಡು ನೋಡಿದಳು. ಒದ್ದೆ ಹುಲ್ಲಿನ ಮೇಲೆ ಒಂದೇ ಗೆರೆ. ಮುಂದೆ ಹೋಗಿ ಹಿಂದೆ ಬಂದ ಗುರುತಿಲ್ಲ, ಚಕ್ರ ಜಾರಿ ಕೆಸರು ಕಿತ್ತದ್ದಿಲ್ಲ. ಮಂಜಿನಲ್ಲಿ ಬಂದವನು ಒಂದೇ ಪ್ರಯತ್ನಕ್ಕೆ ಹತ್ತಿಸಿದ್ದಾನೆ.

ಒಬ್ಬನೇ?

ಅವಳು ಎದ್ದು ಗಾಡಿಯ ಬದಿಗೆ ಬಂದಳು. ಮೈಯೆಲ್ಲ ದಾರಿಯ ಕೆಸರು, ಕೆಳಗೆ ಕೆಂಪು, ಅದರ ಮೇಲೆ ಬೂದು. ಆ ಬೂದುಬಣ್ಣದ ಪದರದ ಮೇಲೆ, ಮುಂಚಕ್ರದ ಮೇಲ್ಗಡೆ, ಒಂದು ಅಂಗೈ ಗುರುತು. ಬೆರಳುಗಳು ಸ್ವಲ್ಪ ಕದಡಿವೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದ ಕೈ.

ತುಂತುರು ಅದನ್ನು ಆಗಲೇ ಅಂಚಿನಿಂದ ತಿನ್ನತೊಡಗಿತ್ತು.

ಮೆಣಸು ತನ್ನ ಅಂಗೈಯನ್ನು ಅದರ ಮೇಲಿಟ್ಟಳು. ಕೈ ಎತ್ತಬೇಕಾಗಲಿಲ್ಲ, ತಗ್ಗಿಸಬೇಕಾಗಲಿಲ್ಲ. ಬೆರಳಿಗೆ ಬೆರಳು ಕೂತಿತು. ಅಕ್ಕ ತಂಗಿ ಒಂದೇ ಅಚ್ಚು ಎಂದು ಕಂಡವರೆಲ್ಲ ಹೇಳುತ್ತಿದ್ದರು. ಒಂದು ಜೊತೆ ಚಪ್ಪಲಿಯನ್ನು ಇಬ್ಬರೂ ಸವೆಸಿದ್ದರು.

ಅಕ್ಕನದೇ ಕೈ! ತಕ್ಷಣ ತನ್ನನ್ನೇ ಬೈದುಕೊಂಡಳು. ಈ ಎತ್ತರದ ಹೆಂಗಸರು ಊರ ತುಂಬ ಇದ್ದಾರೆ. ಭಾವನ ಜೊತೆ ಬೇರೆ ಯಾವಳೋ ಇರಬಹುದು. ಅಕ್ಕನನ್ನು ಎಲ್ಲೋ... ಆ ವಾಕ್ಯವನ್ನು ಅವಳು ಮುಗಿಸಲಿಲ್ಲ. ಇಷ್ಟು ದಿನವೂ ಮುಗಿಸಿರಲಿಲ್ಲ.

ಕೈ ತೆಗೆದಾಗ ಗುರುತು ಅಳಿಸಿಹೋಗಿತ್ತು. ಕೆಸರು ಅವಳ ಅಂಗೈಗೆ ಬಂದಿತ್ತು. ಅದನ್ನು ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

“ಏನಮ್ಮ, ಗಾಡಿಗೆ ದೃಷ್ಟಿ ತೆಗೀತಿದೀಯಾ?”

ತಾಣದ ಒಡತಿ ಅಜ್ಜಿ. ಮೊಣಕಾಲವರೆಗೆ ರಬ್ಬರು ಬೂಟು, ತಲೆಯ ಮೇಲೆ ಗಂಡನ ಕಾಲದ ಮಳೆಕೋಟು.

“ಅಜ್ಜಿ, ಈ ಗಾಡಿ ಬಂದಾಗ ನೀವು ನೋಡಿದ್ರಾ?”

“ಮಂಜಿನಲ್ಲಿ ನನ್ನ ಕೈ ನನಗೆ ಕಾಣ್ತಿರಲಿಲ್ಲ. ಇಂಜಿನ್ ಸದ್ದು ಕೇಳಿಸ್ತು, ನಿಂತಿತು, ಅಷ್ಟೆ.”

“ಬೇರೆ ಸದ್ದು?”

ಅಜ್ಜಿ ಕಣ್ಣು ಕಿರಿದು ಮಾಡಿದಳು. “ಯಾರೋ ತಗಡು ಬಡಿದ ಹಾಗಿತ್ತು. ನನ್ನ ಸ್ನಾನದ ಮನೆ ಬಾಗಿಲೇ ಗಾಳಿಗೆ ಹೊಡ್ಕೊಳ್ತಿದೆ ಅಂದ್ಕೊಂಡು ಬೈಕೊಂಡೆ.” ಆಕಾಶ ನೋಡಿದಳು. “ಒಳಗೆ ಹೋಗಮ್ಮ. ಈ ವಾರ ಇದಕ್ಕೆ ತಲೆ ಕೆಟ್ಟಿದೆ. ಮುಖ ತೊಳೆದು ಪೌಡರ್ ಹಾಕೋಷ್ಟರಲ್ಲಿ ಅಳೋಕೆ ಶುರು ಮಾಡತ್ತೆ, ಥೇಟ್ ನನ್ನ ದೊಡ್ಡ ಸೊಸೆ.”

ಮೆಣಸು ಒಳಗೆ ಹೋಗಲಿಲ್ಲ. ಚಾಲಕನ ಬಾಗಿಲು ತೆರೆದು ನಿಂತಳು.

“ಭಾವ, ಬಾ ಇಲ್ಲಿ. ಗಾಡಿ ಇಳಿಸು.”

“ಯಾಕೆ?”

“ಇಳಿಸಿ ಮತ್ತೆ ಹತ್ತಿಸು. ಬೆಳಿಗ್ಗೆ ಒಬ್ಬನೇ ಮಾಡಿದ್ಯಲ್ಲ, ಅದೇ ಥರ.”

“ತಲೆ ನೆಟ್ಟಗಿದ್ಯಾ ನಿಂಗೆ? ಮಳೆ ಬರ್ತಿದೆ.”

“ಬೆಳಿಗ್ಗೆ ಮಂಜಿತ್ತು. ಈಗ ಕಣ್ಣಿಗೆ ಕಾಣತ್ತೆ. ಸುಲಭ.”

ಭಾವ ಅವಳನ್ನು ನೋಡಿದ. ಅವಳೂ ನೋಡಿದಳು. ಚಿಕ್ಕವಳಿದ್ದಾಗ ಅಕ್ಕ ಅವಳಿಗೆ ಮೆಣಸು ಎಂದು ಹೆಸರಿಟ್ಟದ್ದು ಈ ನೋಟಕ್ಕೇ.

ಭಾವ ಬಂದು ಕೂತ. ಇಂಜಿನ್ ಶುರುವಾಯಿತು. ಗಾಡಿ ಹಿಂದೆ ಸರಿದು ಬೆಣೆಯಿಂದ ಧೊಪ್ಪೆಂದು ಇಳಿಯಿತು. ಒಳಗೆ ಏನೋ ಉರುಳಿತು.

ಅವಳು ದೂರ ನಿಂತಳು. ಕೈ ಕಟ್ಟಿಕೊಂಡಳು.

ಮೊದಲ ಸಲ ಚಕ್ರ ಬೆಣೆಯನ್ನೇ ತಳ್ಳಿಕೊಂಡು ಹೋಯಿತು. ಅವನು ಇಳಿದು ಬೆಣೆ ಸರಿಮಾಡಿ ಮತ್ತೆ ಹತ್ತಿದ. ಈ ಸಲ ಮೇಲಿನ ಮೆಟ್ಟಿಲು ದಾಟಿ ಆಚೆ ಕುಕ್ಕರಿಸಿತು. ಮತ್ತೆ ಹಿಂದೆ ಬಂದ; ಚಕ್ರ ಜಾರಿ ಹುಲ್ಲು ಕಿತ್ತು ಕೆಸರು ಹಾರಿತು. ತುಂತುರು ದಪ್ಪ ಹನಿಯಾಯಿತು. ಹನಿಗಳ ನಡುವೆ ಟಪ್ ಎಂದು ಬಿಳಿಯದೇನೋ ಬಿದ್ದು ಪುಟಿಯಿತು. ಆಲಿಕಲ್ಲು.

ಇನ್ನೊಮ್ಮೆ ಗಾಡಿ ಬೆಣೆ ಹತ್ತಿತು. ಹತ್ತಿ, ಅಲ್ಲೇ ತಡೆಯಿತು. ಭಾವ ಬ್ರೇಕಿನ ಮೇಲೆ ಕಾಲಿಟ್ಟು ತಲೆಯನ್ನು ಕಿಟಕಿಯ ಕಡೆ ವಾಲಿಸಿ ಕೂತಿದ್ದ. ಅವನಿಗೇ ಅರಿವಿಲ್ಲದೆ ಕಾಯುತ್ತಿದ್ದ, ಅಂಗೈಯ ಸದ್ದಿಗೆ.

“ಯಾರಿಗೆ ಕಾಯ್ತಿದೀಯ ಭಾವ?” ಎಂದಳು ಮೆಣಸು.

ಅವನು ಇಂಜಿನ್ ಆರಿಸಿದ. ಸ್ಟೀರಿಂಗ್ ಚಕ್ರದ ಮೇಲೆ ಹಣೆಯಿಟ್ಟ.

ಅವಳು ಪಕ್ಕದ ಸೀಟಿಗೆ ಹತ್ತಿ ಬಾಗಿಲೆಳೆದುಕೊಂಡಳು. ಚಾವಣಿಯ ಮೇಲೆ ಆಲಿಕಲ್ಲು ಯಾರೋ ಡಬ್ಬಿಯಲ್ಲಿ ಗುಂಡು ಕುಲುಕಿದಂತೆ ಬೀಳುತ್ತಿತ್ತು.

“ಒಂದೇ ಮಾತು ಹೇಳು. ಬದುಕಿದ್ದಾಳಾ?”

ಅವನು ಹಣೆ ಎತ್ತದೆ ತಲೆಯಾಡಿಸಿದ. ಹೌದು.

ಮೆಣಸು ಮುಂದಿನ ಗಾಜನ್ನು ನೋಡುತ್ತ ಕೂತಳು. ಗಾಜು ಮಸುಕಾಯಿತು. ಒಳಗಿನ ಉಸಿರಿಗೋ, ಅವಳ ಕಣ್ಣಿಗೋ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

“ಹಾಗಾದ್ರೆ ನನಗ್ಯಾಕೆ ಒಂದು ಫೋನ್ ಮಾಡ್ಲಿಲ್ಲ? ನಾನು ಶವಾಗಾರಕ್ಕೆಲ್ಲ ಹೋಗಿ ಬಂದೆ ಭಾವ. ಡ್ರಾಯರ್ ಎಳೆಸಿ ನೋಡಿದೆ. ಗೊತ್ತಾ ನಿಮ್ಮಿಬ್ಬರಿಗೂ?”

“ಅವಳಿಗೆ ಬೇರೆ ದಾರಿ ಇರಲಿಲ್ಲ, ಮೆಣಸು.”

“ಯಾಕೆ? ಯಾರಿಗೆ ಹೆದರಿ ಓಡ್ತಿದ್ದಾಳೆ? ನಿನಗಾ?”

“ನನಗೆ ಹೆದರ್ತಾಳಾ ಅವಳು?” ಭಾವ ನಗಲು ನೋಡಿದ. ಆಗಲಿಲ್ಲ. “ಒಬ್ಬ ಮೇಷ್ಟ್ರು ಇದ್ರು, ನೆನಪಿದ್ಯಾ? ನಿವೃತ್ತಿ ಆದವರು. ಒಬ್ಬರೇ ಗಾಡಿ ತಗೊಂಡು ಹೋಗಿದ್ರು.”

ನೆನಪಿತ್ತು. ಆ ಗಾಡಿ ಕಾಡಿನ ದಾರಿಯಲ್ಲಿ ಖಾಲಿ ನಿಂತಿತ್ತು. ಹುಡುಕಿ ತಂದವಳು ಅವಳೇ. ಮೇಷ್ಟ್ರು ಬೇಸರವಾಗಿ ರೈಲು ಹತ್ತಿ ಹೋದರಂತೆ, ತಮಗೇ ಫೋನ್ ಮಾಡಿ ಹೇಳಿದರಂತೆ ಎಂದು ಯಜಮಾನರು ತಿಳಿಸಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

“ಆ ಗಾಡಿಯ ಸೀಟು ಹೊಸದಾಗಿ ಹೊಲಿಯೋಕೆ ಅಂತ ನಿಮ್ಮಕ್ಕ ದಿಂಬು ಬಿಚ್ಚಿದ್ಲು. ಒಂದು ಕಡೆ ಹೊಲಿಗೆ ತನ್ನದಲ್ಲ ಅಂದ್ಲು. ಯಾರೋ ಬಿಚ್ಚಿ, ಏನೋ ಬಚ್ಚಿಟ್ಟು, ಅವಸರದಲ್ಲಿ ಮತ್ತೆ ಒರಟೊರಟಾಗಿ ಹಾಕಿದ್ದಾರೆ. ಒಳಗೆ ಕೈ ಹಾಕಿದ್ರೆ ಒಂದು ಕನ್ನಡಕ, ಒಂದು ಕಿವಿಯ ಯಂತ್ರ.”

ಮೆಣಸು ತಿರುಗಿ ಅವನನ್ನು ನೋಡಿದಳು.

“ಆ ಮೇಷ್ಟ್ರಿಗೆ ಅದಿಲ್ಲದೆ ಪಕ್ಕದಲ್ಲಿ ಗುಡುಗಿದ್ರೂ ಕೇಳ್ತಿರಲಿಲ್ಲ. ಗಾಡಿ ಕೊಡುವಾಗ ನಾನೇ ಕಿರುಚಿ ಕಿರುಚಿ ಎಲ್ಲ ಹೇಳಿಕೊಟ್ಟಿದ್ದೆ. ಅಂಥವರು ಯಂತ್ರ ಬಿಟ್ಟು ಹೋದ ಮೇಲೆ ಯಜಮಾನರ ಹತ್ತಿರ ಫೋನಲ್ಲಿ ಹೇಗೆ ಮಾತಾಡಿದ್ರು?”

ಆಲಿಕಲ್ಲಿನ ಸದ್ದು ಜೋರಾಯಿತು. ಮೆಣಸಿಗೆ ಆ ಕಾಡಿನ ದಾರಿ ಕಣ್ಣ ಮುಂದೆ ಬಂತು. ಗಾಡಿಯ ಒಳಗೆ ಎಲ್ಲ ಒಪ್ಪವಾಗಿತ್ತು. ತೀರಾ ಒಪ್ಪವಾಗಿತ್ತು. ಅದನ್ನು ತಂದು ನಿಲ್ಲಿಸಿದಾಗ ಯಜಮಾನರು ಬೆನ್ನು ತಟ್ಟಿದ್ದರು.

“ಅಕ್ಕ ಆ ವಸ್ತುಗಳನ್ನ ಕಂಡದ್ದು ಅವರಿಗೆ ಗೊತ್ತಾ?”

“ಬಿಚ್ಚಿದ ದಿಂಬು ನೋಡಿದ್ರು. ಏನೂ ಕೇಳಲಿಲ್ಲ. ಅದೇ ಸಂಜೆ ನಮ್ಮ ಮನೆ ಬೀದೀಲಿ ಅವರ ಕಡೆಯವರು ನಿಂತಿದ್ರು. ಕೈಗೆ ಸಿಕ್ಕ ಗಾಡಿ ಹತ್ತಿ ಹೊರಟ್ವಿ. ಈ ಗಾಡಿಯ ಜಾಡು ತೋರಿಸೋ ಪೆಟ್ಟಿಗೇನ ಅವಳೇ ಕಿತ್ತು ದಾರೀಲಿ ಯಾವುದೋ ಕೆರೆಗೆ ಎಸೆದ್ಲು. ‘ಮೆಣಸನ್ನೇ ಕಳಿಸ್ತಾನೆ ನೋಡ್ತಿರು. ಅವಳು ಬಂದ್ರೆ ಹಿಂದೆ ಅವನೂ ಬಂದ ಅಂತಾನೇ ಲೆಕ್ಕ’ ಅಂದ್ಲು. ನಿನ್ನ ಜೀಪು ನೋಡಿದ ತಕ್ಷಣ ಅಡಗಿದ್ಲು. ಆದ್ರೆ...” ಅವನ ದನಿ ಒಡೆಯಿತು. “ದಿನಾ ಸಂಜೆ ನಿನ್ನ ನಂಬರು ಬಾಯಿಪಾಠ ಹೇಳ್ಕೊಳ್ತಾಳೆ. ಫೋನಿಲ್ಲ ಕೈಯಲ್ಲಿ. ಆದ್ರೂ ಹೇಳ್ಕೊಳ್ತಾಳೆ, ಮರ್ತುಬಿಟ್ಟೀನು ಅಂತ.”

“ಎಲ್ಲಿ ಅಡಗಿದ್ದಾಳೆ?”

ಅವನ ಕಣ್ಣು ಸ್ನಾನದ ಮನೆಗಳ ಸಾಲಿನ ಕಡೆ ಹೋಗಿ ಬಂತು.

ಮೆಣಸು ಬಾಗಿಲು ತಳ್ಳಿ ಓಡಿದಳು. ಆಲಿಕಲ್ಲು ತಲೆಗೆ, ಹೆಗಲಿಗೆ, ಕಿವಿಗೆ ಬಡಿಯುತ್ತಿತ್ತು. ಕಾಲು ಜಾರಿತು, ಎದ್ದಳು. “ಅಕ್ಕಾ!” ಎಂದಳು. ಎಷ್ಟೋ ದಿನದಿಂದ ಗಂಟಲಲ್ಲೇ ಕೂತಿದ್ದ ಮಾತು, ಹೊರಗೆ ಬಂದಾಗ ಚಿಕ್ಕ ಹುಡುಗಿಯ ದನಿಯಲ್ಲಿತ್ತು. “ಅಕ್ಕಾ, ನಾನು ಕಣೇ! ನಾನೊಬ್ಬಳೇ ಬಂದಿದ್ದೀನಿ!”

ಮೊದಲ ಬಾಗಿಲು ಖಾಲಿ. ಎರಡನೆಯದೂ ಖಾಲಿ. ಕೊನೆಯದರಲ್ಲಿ ಮೂಲೆಯ ಮಣೆಯ ಮೇಲೆ ಒದ್ದೆಯಾಗದ ಒಂದು ಜಾಗ. ಅಲ್ಲಿ ಯಾರೋ ಬಹಳ ಹೊತ್ತು ಕೂತಿದ್ದರು. ಗೋಡೆಯ ಎತ್ತರದ ಕಿಂಡಿ ತೆರೆದಿತ್ತು. ಅವಳು ಆ ಮಣೆಯನ್ನು ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

ಹೊರಗೆ ಅಜ್ಜಿ ಕೋಟನ್ನು ತಲೆಗೆಳೆದುಕೊಂಡು ಬರುತ್ತಿದ್ದಳು. ಮೆಣಸನ್ನು ಕಂಡು ಭೂತ ಕಂಡಂತೆ ನಿಂತುಬಿಟ್ಟಳು.

“ಅಯ್ಯೋ! ನೀನಿಲ್ಲೇ ಇದೀಯಾ? ಮತ್ತೆ ಜೀಪಲ್ಲಿ ಹೋಗಿದ್ದು ಯಾರಮ್ಮ?”

“ಯಾವ ಜೀಪು?”

“ನಿಂದೇ! ಗೇಟಿನ ಹತ್ರ ನಿಂತಿತ್ತಲ್ಲ. ಆಗಲೇ, ಆಲಿಕಲ್ಲು ಜೋರಾಯ್ತಲ್ಲ, ಆಗ. ನೀನೇ ಹೊರಟೆ ಅಂದ್ಕೊಂಡು ಕೈ ಬೀಸಿದೆ. ಅದೇ ಹೆಗಲು, ಅದೇ ದಡದಡ ನಡಿಗೆ. ಕೀಲಿ ಅದರಲ್ಲೇ ಬಿಟ್ಟಿದ್ಯಾ ಏನು?”

ಬಿಟ್ಟಿದ್ದಳು. ಸಿಕ್ಕ ಮನೆಗಾಡಿಯಲ್ಲಿದ್ದ ಬಾಡಿಗೆದಾರ ಬಡಿಗೆ ಹಿಡಿದು ಬಂದರೆ ಓಡಿಹೋಗಲು ಬೇಕೆಂದು ಕೀಲಿಯನ್ನು ತಲೆಯ ಮೇಲಿನ ಬಿಸಿಲುಮರೆಗೆ ಸಿಕ್ಕಿಸಿಡುವುದು ಅವಳ ಕಸುಬಿನ ರೂಢಿ. ಅದು ಅಕ್ಕನಿಗೆ ಮಾತ್ರ ಗೊತ್ತು.

ಭಾವ ಏದುಸಿರು ಬಿಡುತ್ತ ಬಂದು ನಿಂತ. “ಹೋದ್ಲಾ? ಒಳ್ಳೇದಾಯ್ತು ಬಿಡು. ಈ ಗಾಡಿಯ ಗುರುತು ಎಲ್ಲರಿಗೂ ಸಿಕ್ಕಿದೆ. ಜೀಪಾದ್ರೆ ಯಾರೂ...”

“ಭಾವ.” ಮೆಣಸು ಅವನ ತೋಳು ಹಿಡಿದಳು. “ಆ ಜೀಪಲ್ಲಿ ಜಾಡುಪೆಟ್ಟಿಗೆ ಇದೆ. ನಾನು ಹೊರಡೋ ದಿನ ಅವರೇ ನಿಂತು ಹಾಕಿಸಿದ್ರು. ‘ನೀನು ದಾರಿ ತಪ್ಪಿದ್ರೆ ನಾನು ಹೇಳ್ತೀನಿ’ ಅಂತ ನಕ್ಕಿದ್ರು.”

ಅಜ್ಜಿಗೆ ಅರ್ಥವಾಗಲಿಲ್ಲ, ಆದರೂ ಅವಳ ಕೈ ಬಾಯಿಗೆ ಹೋಗಿತ್ತು.

“ಅಜ್ಜಿ, ಇಲ್ಲಿಂದ ದೊಡ್ಡ ರಸ್ತೆಗೆ ದಾರಿ ಎಷ್ಟಿದೆ?”

“ಒಂದೇ. ಸೇತುವೆ ದಾಟ್ಕೊಂಡೇ ಹೋಗ್ಬೇಕು.”

ಮೆಣಸು ಮನೆಗಾಡಿಯ ಕಡೆ ಓಡಿದಳು. ಚಾಲಕನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಜೇಬಿನಲ್ಲಿ ಫೋನು ಮೊಳಗಿತು. ಒಂದು ಕ್ಷಣ, ಬರೀ ಒಂದು ಕ್ಷಣ, ಅಕ್ಕ ಎಲ್ಲಿಂದಲೋ ಆ ಬಾಯಿಪಾಠದ ನಂಬರು ಒತ್ತಿದ್ದಾಳೆ ಎಂದು ಅವಳ ಮೈಯೆಲ್ಲ ಕಿವಿಯಾಯಿತು.

ತೆರೆಯ ಮೇಲೆ ಯಜಮಾನರ ಹೆಸರಿತ್ತು.

ಅವಳು ಒಳಗೆ ಹತ್ತಿ, ಉಸಿರು ಹಿಡಿದು, ಫೋನು ಎತ್ತಿದಳು.

“ಎಲ್ಲಿದ್ದೀಯಮ್ಮ?” ಎಂದಿನ ತಣ್ಣನೆಯ, ಅಪ್ಪನಂಥ ದನಿ.

ಅಕ್ಕನನ್ನು ಉಳಿಸಲು ಅವಳ ಹತ್ತಿರ ಇದ್ದದ್ದು ಒಂದೇ ಸುಳ್ಳು. “ಜೀಪಲ್ಲೇ ಇದ್ದೀನಿ ಯಜಮಾನ್ರೇ. ಇಲ್ಲಿ ಯಾರೂ ಸಿಗಲಿಲ್ಲ. ವಾಪಸ್ ಹೊರಟಿದ್ದೀನಿ.”

“ಹೂಂ, ಕಾಣ್ತಿದೀಯ. ನಕ್ಷೆ ಮೇಲೆ ಜೀಪಿನ ಚುಕ್ಕೆ ಚೆನ್ನಾಗಿ ಓಡ್ತಾ ಇದೆ. ನಾನೂ ಈ ಕಡೆ ಬಂದಿದ್ದೆ ಅನ್ನು. ಸೇತುವೆ ಮೇಲೆ ಗಾಡಿ ಅಡ್ಡ ಹಾಕ್ಕೊಂಡು ನಿಂತಿದ್ದೀನಿ. ಬಾ, ಮಾತಾಡೋಣ.”

ಮೆಣಸು ಭಾವನತ್ತ ನೋಡಿದಳು. ಅವನು ಪಕ್ಕದ ಸೀಟಿಗೆ ಹತ್ತಿದ್ದ.

“ಆಗ್ಲಿ. ಬರ್ತೀನಿ.”

ಫೋನು ಕಡಿಯಲಿಲ್ಲ. ಆ ಕಡೆ ಮೌನ. ಈ ಕಡೆ, ತಗಡಿನ ಚಾವಣಿಯ ಮೇಲೆ, ಆಲಿಕಲ್ಲು ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಮೆಣಸು ಅಂಗೈಯಿಂದ ಫೋನನ್ನು ಮುಚ್ಚಿದಳು. ಅಷ್ಟರಲ್ಲಿ ತಡವಾಗಿತ್ತು.

“ಒಂದು ವಿಚಿತ್ರ ನೋಡಮ್ಮ” ಎಂದರು ಯಜಮಾನರು. “ಇಲ್ಲಿ ಕಣ್ಣು ಬಿಡೋಕಾಗದಷ್ಟು ಬಿಸಿಲು. ಜೀಪು ತಿರುವಿನಲ್ಲಿ ಬರ್ತಾ ಇರೋದು ಕಾಣಿಸ್ತು, ಹಿಂದೆ ಧೂಳೆದ್ದಿದೆ. ಅಲ್ಲಿ ಮಾತ್ರ ಹೇಗಮ್ಮ ಆಲಿಕಲ್ಲು ಬೀಳ್ತಿದೆ?”

ಅವಳು ಇನ್ನೊಂದು ಕೈಯನ್ನು ಇಂಜಿನ್ನಿನ ಕೀಲಿಗೆ ಹಾಕಿದಳು.

“ಹಾಗಾದ್ರೆ ಜೀಪು ಓಡಿಸ್ಕೊಂಡು ಬರ್ತಿರೋದು ಯಾರು?”